ನೆಲಮಾಳಿಗೆಯ ನಂಬಿಕೆ: ಬರ್ಗಂಡಿಯ ಬಿಳಿಯ ದ್ರಾಕ್ಷಾಮದ್ಯ

ಫ್ರಾನ್ಸ್ ದೇಶದ ಪೂರ್ವಭಾಗದಲ್ಲಿ ಬರ್ಗಂಡಿಯೆಂಬ ಪ್ರಾಂತವೊಂದುಂಟು. ಅಲ್ಲಿನ ಬೋನ್ ಪಟ್ಟಣಕ್ಕೆ ದಕ್ಷಿಣದಲ್ಲಿ, ಮೂಡುಮೊಗವಾಗಿ ಇಳಿದಿರುವ ಸುಣ್ಣಗಲ್ಲಿನ ದಿಣ್ಣೆಗಳ ಮೇಲೆ ಶಾರ್ಡನೆಯೆಂಬ ಬಿಳಿಯ ದ್ರಾಕ್ಷಿಯನ್ನು ಬೆಳೆದು, ಅದರ ರಸದಿಂದ ಜಗದ್ವಿಖ್ಯಾತವಾದ ಮದ್ಯವನ್ನು ಸಿದ್ಧಪಡಿಸುವರು. 1098ರಲ್ಲಿ ಸ್ಥಾಪಿತವಾದ ಸೀತೊ ಮಠದ ಸಂನ್ಯಾಸಿಗಳಿಗೆ ಇಲ್ಲಿನ ಮೆರ್ಸೊ ಗ್ರಾಮದ ದ್ರಾಕ್ಷಿತೋಟಗಳು ದಾನರೂಪವಾಗಿ ದೊರೆತುವು. ವ್ರತನಿಯಮಗಳಿಗೆ ಕಟ್ಟುಬಿದ್ದವರು ಮದ್ಯದ ಕೆಲಸಕ್ಕೆ ತೊಡಗಿದುದು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಅವರ ಪೂಜಾವಿಧಿಯಲ್ಲಿಯೇ ಅದಕ್ಕೆ ಸ್ಥಾನವುಂಟು. 1789ರ ಮಹಾಕ್ರಾಂತಿಯಲ್ಲಿ ಮಠಗಳ ಭೂಮಿಯು ರಾಷ್ಟ್ರದ ವಶವಾಗಿ, ಬಳಿಕ ಹರಾಜಾಯಿತು. ಮಕ್ಕಳಿಗೆಲ್ಲ ಸಮಭಾಗವೆಂದು 1804ರ ನೆಪೋಲಿಯನ್ ಸಂಹಿತೆಯು ವಿಧಿಸಿದುದರಿಂದ ತೋಟಗಳು ಮತ್ತಷ್ಟು ತುಂಡಾದುವು. ಇವುಗಳಲ್ಲಿ ಶಿರೋಮಣಿಯೆನಿಸಿದ ಮೊನ್ರಾಶೆಯ ವಿಸ್ತೀರ್ಣವು ಇಪ್ಪತ್ತು ಎಕರೆಗಳಷ್ಟು ಮಾತ್ರ. ಆದರೂ ಅದನ್ನು ಹಂಚಿಕೊಂಡಿರುವ ಪುಲಿನ್ಯಿ, ಶಸಾನ್ಯ ಎಂಬ ಎರಡು ಗ್ರಾಮಗಳೂ 1879ರಲ್ಲಿ ಅದರ ಹೆಸರನ್ನು ತಮ್ಮ ಹೆಸರಿಗೆ ಜೋಡಿಸಿಕೊಂಡುವು. ತೋಟದಿಂದ ಊರಿಗೆ ಕೀರ್ತಿ!

ಹೊಸ ಮದ್ಯವು ಗುರು, ಹಳೆಯದು ಲಘುವೆಂದು ಚರಕಸಂಹಿತೆಯು ಹೇಳುವುದು. ಬರ್ಗಂಡಿಯವರು ಅದನ್ನು ಓದದೆಯೇ ಅದೇ ಮಾರ್ಗವನ್ನು ಹಿಡಿದರು. ರಸವನ್ನು 228 ಲೀಟರು ಹಿಡಿಯುವ ಓಕ್ ಮರದ ಪೀಪಾಯಿಗಳಲ್ಲಿ ಹುದುಗೆಬ್ಬಿಸಿ, ಹಲವು ತಿಂಗಳು ಅಲ್ಲಿಯೇ ಇರಿಸಿ, ಅನಂತರ ಸೀಸೆಗಳಿಗೆ ತುಂಬುವರು. ಸೀಸೆಗಳನ್ನು ಸುಮಾರು 12 ಡಿಗ್ರಿ ಸೆಂಟಿಗ್ರೇಡಿನ ತಂಪಾದ, ಬೆಳಕು ಹೊಗದ ನೆಲಮಾಳಿಗೆಯಲ್ಲಿ ಅಡ್ಡಲಾಗಿ ಮಲಗಿಸುವರು. ನಿಲ್ಲಿಸಿದರೆ ಬಿರಡೆಯು ಒಣಗಿ ಗಾಳಿಗೆ ದಾರಿಯಾದೀತೆಂಬ ಭಯ. ಎಳೆಯದಿರುವಾಗ ನಿಂಬೆ, ಸೇಬುಗಳಂತೆ ಚುರುಕಾದ ರುಚಿಯು ಹತ್ತು ಹದಿನೈದು ವರ್ಷಗಳಲ್ಲಿ ಮಾಗಿ, ಜೇನಿನ ಮತ್ತು ಹುರಿದ ಬೀಜಗಳ ಪರಿಮಳವನ್ನು ತಾಳುವುದು. ತಿಳಿಹಳದಿಯ ಬಣ್ಣವು ಹೊನ್ನಿಗೆ ತಿರುಗುವುದು. ಪರೀಕ್ಷಕರು ಮೊದಲು ಬಣ್ಣವನ್ನು ಬೆಳಕಿಗೆ ಹಿಡಿದು ನೋಡಿ, ಆಘ್ರಾಣಿಸಿ, ಕಟ್ಟಕಡೆಗೆ ಗುಟುಕರಿಸುವರು. ನುಂಗಿದ ಮೇಲೆಯೂ ಸವಿಯು ನಾಲಗೆಯಲ್ಲಿ ಎಷ್ಟು ಹೊತ್ತು ನಿಲ್ಲುವುದೆಂಬುದೇ ಉತ್ತಮತ್ವಕ್ಕೆ ಮುಖ್ಯ ಪ್ರಮಾಣ.

ತಲೆಮಾರುಗಳಿಂದ ಬಂದ ಈ ನಂಬಿಕೆಗೆ 1995, 1996ರ ಬೆಳೆಗಳಿಂದ ಪೆಟ್ಟುಬಿದ್ದಿತು. ಅವು ಹತ್ತು ವರ್ಷ ತುಂಬುವುದರೊಳಗಾಗಿಯೇ ಅನೇಕ ಸೀಸೆಗಳಲ್ಲಿ ಕಂದಿ, ಜಜ್ಜಿದ ಸೇಬಿನ ವಾಸನೆಯನ್ನು ಹೊಂದಿದ್ದುವು. ಒಂದೇ ಪೆಟ್ಟಿಗೆಯಲ್ಲಿ ಒಂದು ಸೀಸೆ ನಿರ್ದುಷ್ಟ, ಅದರ ಪಕ್ಕದ್ದು ಕೆಟ್ಟದ್ದು. ಬಿರಡೆಯ ದೋಷವೆಂದು ಕೆಲವರೂ, ಗಂಧಕವನ್ನು ಕಡಮೆಮಾಡಿದುದೆಂದು ಕೆಲವರೂ, ಹಣ್ಣನ್ನು ಮೃದುವಾಗಿ ಹಿಂಡುವ ಹೊಸ ಯಂತ್ರಗಳೆಂದು ಮತ್ತೆ ಕೆಲವರೂ ವಾದಿಸಿದರು. ಒಂದೇ ಕಾರಣವನ್ನು ಹಿಡಿದವರ ವಾದವು ನಿಲ್ಲಲಿಲ್ಲ. ಹಲವು ಕೂಡಿಯೇ ಕೆಡಿಸಿರಬೇಕು. ಅಲ್ಲಿಂದೀಚೆಗೆ ಕೆಲವು ತೋಟದವರು ಹಳೆಯ ಬಿರಡೆಯನ್ನು ಬಿಟ್ಟು, ತೊಗಟೆಯ ಪುಡಿಯನ್ನು ಶುದ್ಧಿಮಾಡಿ ಒತ್ತಿದ ಬಿರಡೆಯನ್ನು ಹಾಕತೊಡಗಿದರು. ಕೊಳ್ಳುವವರಲ್ಲಿ ಅನೇಕರು ಮಾತ್ರ, ಮಾಗುವುದನ್ನು ಕಾಯದೆ, ಐದಾರು ವರ್ಷಗಳಲ್ಲಿಯೇ ಸೀಸೆಯನ್ನು ತೆರೆದುಬಿಡುವರು.