ಗಡಿಯಾಚೆಯ ವ್ಯವಹಾರ: ದೂರ ಅಳೆಯುವ ಶಾಸ್ತ್ರದ ಆರು ದಶಕ

ಪರದೇಶದಲ್ಲಿ ಅಂಗಡಿ ತೆರೆದವನಿಗೆ ಅಲ್ಲಿನ ವ್ಯಾಪಾರಿಗಿಂತ ಕಷ್ಟ ಜಾಸ್ತಿ. ಕಾನೂನು ಹೊಸದು, ಗಿರಾಕಿಯ ರುಚಿ ಗೊತ್ತಿಲ್ಲ, ಸರ್ಕಾರಕ್ಕೆ ಅವನ ಮೇಲೆ ಗುಮಾನಿ, ಕರೆನ್ಸಿ ಏರುಪೇರಾದರೆ ಲಾಭಕ್ಕೆ ಕತ್ತರಿ. ಇಷ್ಟಿದ್ದೂ ಕಂಪನಿಗಳು ಹೊರದೇಶದಲ್ಲಿ ಕಾರ್ಖಾನೆ ಕಟ್ಟುವುದೇಕೆ? 1960ರಲ್ಲಿ ಅಮೆರಿಕದ ಎಂಐಟಿಗೆ ಡಾಕ್ಟರೇಟ್ ಪ್ರಬಂಧ ಸಲ್ಲಿಸಿದ ಕೆನಡಾದ ಸ್ಟೀಫನ್ ಹೈಮರ್ ಕೇಳಿದ್ದು ಇದನ್ನೇ. ಅಲ್ಲಿಯವರೆಗೆ ಅರ್ಥಶಾಸ್ತ್ರಜ್ಞರು ಇದನ್ನು ಹೆಚ್ಚು ಆದಾಯ ಸಿಗುವ ಕಡೆಗೆ ಬಂಡವಾಳ ಹರಿಯುವ ಸಂಗತಿಯೆಂದಷ್ಟೇ ನೋಡುತ್ತಿದ್ದರು. ತಂತ್ರಜ್ಞಾನ, ಬ್ರ್ಯಾಂಡ್‌ನಂಥ ಸ್ವಂತ ಬಲವಿದ್ದರೆ ಮಾತ್ರ ಪರಕೀಯನಾಗಿರುವ ನಷ್ಟ ತುಂಬಿಬರುತ್ತದೆ ಎಂದರು ಹೈಮರ್. ಅವರು 1974ರಲ್ಲಿ ತೀರಿಕೊಂಡರು. ಪ್ರಬಂಧ ಪುಸ್ತಕವಾದದ್ದು 1976ರಲ್ಲಿ. ಅಂತರರಾಷ್ಟ್ರೀಯ ವ್ಯವಹಾರ ಅಧ್ಯಯನಕ್ಕೆ ಬುನಾದಿ ಬಿದ್ದದ್ದು ಆ ಪ್ರಶ್ನೆಯಿಂದ.

ನಡುವೆ 1966ರಲ್ಲಿ ಹಾರ್ವರ್ಡ್‌ನ ರೇಮಂಡ್ ವರ್ನನ್, ಸರಕೊಂದು ಶ್ರೀಮಂತ ದೇಶದಲ್ಲಿ ಹುಟ್ಟಿ, ರಫ್ತಾಗಿ, ಹಳತಾದಂತೆ ಅದರ ಉತ್ಪಾದನೆಯೇ ಅಗ್ಗದ ದೇಶಗಳಿಗೆ ಜಾರುವ ಚಕ್ರವನ್ನು ವಿವರಿಸಿದರು. ಬ್ರಿಟನ್ನಿನ ಜಾನ್ ಡನ್ನಿಂಗ್ 1970ರ ದಶಕದಲ್ಲಿ ಮೂರು ಷರತ್ತು ಜೋಡಿಸಿದರು: ಸ್ವಂತ ಬಲ, ಸ್ಥಳದ ಅನುಕೂಲ, ಪರರಿಗೆ ಪರವಾನಗಿ ಕೊಡುವುದಕ್ಕಿಂತ ತಾನೇ ನಡೆಸುವ ಲಾಭ.

ಇವೆಲ್ಲ ಕಂಪನಿ ಏಕೆ ಹೋಗುತ್ತದೆ ಎಂಬುದಕ್ಕೆ ಉತ್ತರ. ಹೇಗೆ ಹೋಗುತ್ತದೆ ಎಂದು ಕೇಳಿದ್ದು ಸ್ವೀಡನ್ನಿನ ಉಪ್ಸಾಲ ವಿದ್ವಾಂಸರು. ಸ್ಯಾಂಡ್‌ವಿಕ್, ಅಟ್ಲಾಸ್ ಕಾಪ್ಕೊ, ಫ್ಯಾಸಿಟ್, ವೋಲ್ವೊ ಕಂಪನಿಗಳ ಚರಿತ್ರೆ ಕೆದಕಿದಾಗ ಹೆಜ್ಜೆಗಳ ಒಂದು ಕ್ರಮ ಕಂಡಿತು: ಮೊದಲು ಏಜೆಂಟನ ಮೂಲಕ ರಫ್ತು, ಆಮೇಲೆ ಸ್ವಂತ ಮಾರಾಟ ಕಚೇರಿ, ಕೊನೆಗೆ ಕಾರ್ಖಾನೆ. ಹೋಗುವ ದೇಶಗಳೂ ಭಾಷೆ, ರೀತಿನೀತಿ ಹತ್ತಿರವಿದ್ದವುಗಳಿಂದ ಆರಂಭ. ಯಾನ್ ಯೋಹಾನ್ಸನ್ ಮತ್ತು ಯಾನ್-ಎರಿಕ್ ವಾಲ್ನೆ 1977ರಲ್ಲಿ ಇದನ್ನು ಸಿದ್ಧಾಂತವಾಗಿ ಮಂಡಿಸಿದರು. ನಕ್ಷೆಯ ದೂರಕ್ಕಿಂತ ಮನಸ್ಸಿನ ದೂರ ದೊಡ್ಡದು ಎಂಬುದು ಅದರ ತಿರುಳು.

ಆ ದೂರಕ್ಕೆ ಅಂಕಿ ಕೊಟ್ಟವರು ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡ್. ಐಬಿಎಂ ನೌಕರರಿಂದ 1967–73ರ ನಡುವೆ ಸಂಗ್ರಹವಾದ ಒಂದು ಲಕ್ಷಕ್ಕೂ ಹೆಚ್ಚು ಪ್ರಶ್ನಾವಳಿಗಳ ಆಧಾರದ ಮೇಲೆ, 1980ರಲ್ಲಿ ಅವರು ದೇಶಗಳ ಸಂಸ್ಕೃತಿಯನ್ನು ನಾಲ್ಕು ಅಳತೆಗಳಲ್ಲಿ ಹೋಲಿಸಿದರು. ಮೇಲಧಿಕಾರಿಯ ಎದುರು ಮಾತಾಡಲು ನೌಕರ ಎಷ್ಟು ಅಂಜುತ್ತಾನೆ ಎಂಬುದೂ ಆ ಲೆಕ್ಕದಲ್ಲಿತ್ತು. ಒಂದೇ ಕಂಪನಿಯ ನೌಕರರು ಇಡೀ ದೇಶವನ್ನು ಪ್ರತಿನಿಧಿಸುವುದು ಹೇಗೆ ಎಂಬ ಆಕ್ಷೇಪಕ್ಕೆ ಇಂದಿಗೂ ಪೂರ್ತಿ ಉತ್ತರ ಸಿಕ್ಕಿಲ್ಲ.

1983ರಲ್ಲಿ ಹಾರ್ವರ್ಡ್‌ನ ಥಿಯೊಡೋರ್ ಲೆವಿಟ್ ಈ ದೂರವನ್ನೇ ತಳ್ಳಿಹಾಕಿದರು. ಜಗತ್ತಿನ ರುಚಿ ಒಂದಾಗುತ್ತಿದೆ, ಒಂದೇ ಸರಕನ್ನು ಎಲ್ಲೆಡೆ ಮಾರಬಹುದು ಎಂಬುದು ಅವರ ವಾದ. ಇದಕ್ಕೆ ಹದ ತಂದವರಲ್ಲಿ ಭಾರತೀಯರಿದ್ದರು. ಕೊಯಮತ್ತೂರು ಮೂಲದ ಸಿ.ಕೆ. ಪ್ರಹ್ಲಾದ್, ಈವ್ ಡೋಜ್ ಜತೆ 1987ರಲ್ಲಿ ಹಾಗೂ ಕೋಲ್ಕತ್ತಾ ಮೂಲದ ಸುಮಂತ್ರ ಘೋಷಾಲ್, ಕ್ರಿಸ್ಟೋಫರ್ ಬಾರ್ಟ್ಲೆಟ್ ಜತೆ 1989ರಲ್ಲಿ ಬರೆದ ಪುಸ್ತಕಗಳು ಒಂದೇ ಇಕ್ಕಟ್ಟನ್ನು ಬಿಡಿಸಿಟ್ಟವು: ಜಗತ್ತಿಗೆಲ್ಲ ಒಂದೇ ವ್ಯವಸ್ಥೆ ತಂದರೆ ಖರ್ಚು ಉಳಿಯುತ್ತದೆ. ಸ್ಥಳೀಯರಿಗೆ ಒಗ್ಗಿದರೆ ಗಿರಾಕಿ ಉಳಿಯುತ್ತಾನೆ. ಕಂಪನಿಗೆ ಎರಡೂ ಬೇಕು.

ಆ ಇಕ್ಕಟ್ಟಿಗೆ ವಾಲ್‌ಮಾರ್ಟ್ ಜರ್ಮನಿಯಲ್ಲಿ ಬೆಲೆ ತೆತ್ತಿತು. 1997ರ ಕೊನೆಯಲ್ಲಿ ಅಲ್ಲಿನ ಮಳಿಗೆಗಳನ್ನು ಕೊಂಡು ಕಾಲಿಟ್ಟ ಕಂಪನಿ ಅಮೆರಿಕದ ಪದ್ಧತಿಯನ್ನೇ ನೆಟ್ಟಿತು. ಸಿಬ್ಬಂದಿ ಗಿರಾಕಿಗಳನ್ನು ನಗುನಗುತ್ತ ಎದುರುಗೊಳ್ಳಬೇಕೆಂಬ ನಿಯಮ ಜರ್ಮನ್ನರಿಗೆ ಮುಜುಗರವಾಯಿತು. ಅಸಲಿಗಿಂತ ಕಡಿಮೆ ಬೆಲೆಗೆ ಹಾಲು, ಬೆಣ್ಣೆ ಮಾರಿದ್ದಕ್ಕೆ 2000ರಲ್ಲಿ ಅಲ್ಲಿನ ಸ್ಪರ್ಧಾ ಆಯೋಗ ತಡೆಯೊಡ್ಡಿತು. ಅಗ್ಗದ ಮಾರಾಟದಲ್ಲಿ ಪಳಗಿದ ಆಲ್ಡಿ, ಲಿಡ್ಲ್ ಎದುರಿಗಿದ್ದವು. 2006ರಲ್ಲಿ ಮಳಿಗೆಗಳನ್ನು ಮೆಟ್ರೊ ಕಂಪನಿಗೆ ಮಾರಿ ವಾಲ್‌ಮಾರ್ಟ್ ಹೊರಟಿತು.

ಅಷ್ಟರಲ್ಲಿ ಚರ್ಚೆ ಬೆಂಗಳೂರಿಗೂ ಬಂದಿತ್ತು. ಇಲ್ಲಿ ಇನ್ಫೊಸಿಸ್‌ನ ನಂದನ್ ನಿಲೇಕಣಿಯವರೊಡನೆ ಆಡಿದ ಮಾತಿನ ಎಳೆ ಹಿಡಿದು ಅಮೆರಿಕದ ಪತ್ರಕರ್ತ ಥಾಮಸ್ ಫ್ರೀಡ್‌ಮನ್ 2005ರಲ್ಲಿ ಜಗತ್ತು ಚಪ್ಪಟೆಯಾಗಿದೆ ಎಂದು ಸಾರಿದರು. ಸಂಸ್ಕೃತಿ, ಆಡಳಿತ, ಭೂಗೋಳ, ಆರ್ಥಿಕತೆ ಎಂಬ ನಾಲ್ಕು ದೂರಗಳನ್ನು 2001ರಲ್ಲೇ ಪಟ್ಟಿ ಮಾಡಿದ್ದ ಪಂಕಜ್ ಘೆಮಾವತ್ ಅದನ್ನು ಅಲ್ಲಗಳೆದರು. ವ್ಯಾಪಾರ, ಹೂಡಿಕೆಗಳ ಬಹುಪಾಲು ಇನ್ನೂ ಗಡಿಯೊಳಗೇ ನಡೆಯುತ್ತದೆ ಎಂದು ಅಂಕಿಅಂಶ ಮುಂದಿಟ್ಟರು.

ಉಪ್ಸಾಲದ ಕ್ರಮಕ್ಕೂ ಬೆಂಗಳೂರಿನ ಕಂಪನಿಗಳು ಸೊಪ್ಪು ಹಾಕಲಿಲ್ಲ. 1981ರಲ್ಲಿ ಹುಟ್ಟಿದ ಇನ್ಫೊಸಿಸ್ ನೆರೆದೇಶಗಳಿಂದ ಶುರುಮಾಡಲಿಲ್ಲ. ಅದರ ಮೊದಲ ಗ್ರಾಹಕ ಅಮೆರಿಕದ ಕಂಪನಿ. ಹುಟ್ಟುತ್ತಲೇ ಜಾಗತಿಕವಾಗುವ ಇಂಥ ಕಂಪನಿಗಳ ಅಧ್ಯಯನ 1990ರ ದಶಕದಲ್ಲಿ ಬೇರೆ ಕವಲೇ ಆಯಿತು. 2008ರಲ್ಲಿ ಟಾಟಾ ಮೋಟಾರ್ಸ್ 2.3 ಶತಕೋಟಿ ಡಾಲರ್‌ಗೆ ಬ್ರಿಟನ್ನಿನ ಜಾಗ್ವಾರ್ ಲ್ಯಾಂಡ್ ರೋವರನ್ನು ಕೊಂಡಾಗ ವರ್ನನ್ನರ ಚಕ್ರವೂ ತಿರುವುಮುರುವಾಯಿತು.

ಇಂಥ ಕಂಪನಿಗಳು ಈ ಶಾಸ್ತ್ರದ ಕೊರತೆಯನ್ನೂ ತೋರಿಸುತ್ತವೆ. ಅದರ ಬಹುಪಾಲು ಕೇಂದ್ರ ಕಚೇರಿಯ ಕುರ್ಚಿಯಲ್ಲಿ ಕೂತು ಬರೆದದ್ದು. ಬಾರ್ಟ್ಲೆಟ್–ಘೋಷಾಲ್ ಅಧ್ಯಯನ ಮಾಡಿದ ಒಂಬತ್ತೂ ಕಂಪನಿಗಳು ಅಮೆರಿಕ, ಯುರೋಪ್, ಜಪಾನಿನವು. ಶಾಖೆಗಳ ಸ್ವಂತ ಉಪಕ್ರಮವನ್ನು ಜೂಲಿಯನ್ ಬರ್ಕಿನ್‌ಶಾರಂಥ ಕೆಲವರು ಗಮನಿಸಿದರೂ, ಅಮೆರಿಕದ ಹಗಲಿಗೆ ಹೊಂದಿಕೊಂಡು ರಾತ್ರಿ ಕಾಲ್‌ಗೆ ಕೂರುವವರ ಕಣ್ಣಿಂದ ಕಂಡದ್ದು ಪಠ್ಯದಲ್ಲಿ ವಿರಳ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಂದಿನಿಂದ ಇಂಥ ಶಾಖೆಗಳ ನಡುವೆಯೇ ಬೆಳೆದ ಬೆಂಗಳೂರಿನಲ್ಲಿ ಸಾಮಗ್ರಿಗೆ ಬರವಿಲ್ಲ. ನಮ್ಮ ಮ್ಯಾನೇಜ್‌ಮೆಂಟ್ ಕಾಲೇಜುಗಳು ಹಾರ್ವರ್ಡ್‌ನ ಪ್ರಕರಣಗಳನ್ನು ಓದಿಸುವ ಜತೆಗೆ ಹೊರವರ್ತುಲ ರಸ್ತೆಯ ಪ್ರಕರಣಗಳನ್ನೂ ಬರೆಯಲು ತೊಡಗಲಿ.