ಗಾಬರಿ ಗುಳಿಗೆ ಬಿಟ್ಟ ಮೇಲೆ ನಡುಕ, ನಿದ್ದೆಗೇಡು: ಹಳೇ ಕಾಯಿಲೆಯೋ, ಗುಳಿಗೆ ಬಿಟ್ಟಿದ್ದರ ಪರಿಣಾಮವೋ? ಗುರುತಿಸುವುದು ಹೀಗೆ

ಶಿರಸಿ: ಗಾಬರಿಗೆಂದು ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ಆರು ತಿಂಗಳೋ ವರ್ಷವೋ ನುಂಗಿ, 'ಈಗ ಆರಾಮಿದ್ದೇನೆ, ಇನ್ಯಾಕೆ' ಎಂದು ಒಮ್ಮೆಲೇ ಬಿಡುವವರು ಬಹಳ. ಎರಡು-ಮೂರು ದಿನದಲ್ಲಿ ನಿದ್ದೆ ಹಾರುತ್ತದೆ, ಎದೆ ಢವಢವ ಎನ್ನುತ್ತದೆ, ಕೈ ನಡುಗುತ್ತದೆ. ಮನೆಯವರು 'ಹಳೇದು ಮತ್ತೆ ಶುರುವಾಯ್ತು' ಅಂತಾರೆ. ಆದರೆ ಅದು ಕಾಯಿಲೆ ಮರಳಿದ್ದೇ ಆಗಬೇಕೆಂದಿಲ್ಲ, ಗುಳಿಗೆ ತಟ್ಟನೆ ನಿಂತಿದ್ದಕ್ಕೆ ದೇಹ ತೋರಿಸುವ ಪ್ರತಿಕ್ರಿಯೆಯೂ ಇರಬಹುದು. ಎರಡಕ್ಕೂ ಚಿಕಿತ್ಸೆಯ ದಾರಿ ಬೇರೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕಿನ ಓದುಗರಿಗಾಗಿ ಈ ಮಾಹಿತಿ.

ಯಾವ ಗುಳಿಗೆಗಳ ಮಾತಿದು?

ಆಲ್ಪ್ರಜೋಲಂ, ಕ್ಲೋನಜೆಪಾಮ್, ಲೊರಜೆಪಾಮ್, ಡಯಜೆಪಾಮ್, ಕ್ಲೋರ್‌ಡಯಜೆಪಾಕ್ಸೈಡ್. ಇವೆಲ್ಲ ಬೆಂಜೋಡಯಜೆಪಿನ್ ಎಂಬ ಒಂದೇ ಗುಂಪು. ಎಟಿಜೋಲಂ ಕೂಡ ಇದೇ ರೀತಿ ಕೆಲಸ ಮಾಡುತ್ತದೆ. ಸ್ಟ್ರಿಪ್ ಮೇಲೆ ಕಂಪನಿ ಇಟ್ಟ ಹೆಸರು ದೊಡ್ಡದಾಗಿ, ಈ ಹೆಸರು ಸಣ್ಣ ಅಕ್ಷರದಲ್ಲಿ ಇರುತ್ತದೆ, ಹುಡುಕಿ ನೋಡಿ. ಕೆಲವು ಗುಳಿಗೆಯಲ್ಲಿ ಎರಡು ಔಷಧ ಸೇರಿರುತ್ತವೆ. ಎಸಿಟಲೋಪ್ರಾಮ್ ಜತೆ ಕ್ಲೋನಜೆಪಾಮ್ ಇರುವುದು ನಮ್ಮಲ್ಲಿ ಸಾಮಾನ್ಯ. ಅದನ್ನು ಬಿಟ್ಟರೆ ಒಂದೇ ದಿನ ಎರಡು ಔಷಧ ಬಿಟ್ಟ ಹಾಗೆ.

ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ಬ್ರೇಕಿನಂತೆ ಕೆಲಸ ಮಾಡುತ್ತದೆ. ಈ ಗುಳಿಗೆಗಳು ಆ ಬ್ರೇಕನ್ನು ಇನ್ನಷ್ಟು ಒತ್ತಿ ಹಿಡಿಯುತ್ತವೆ. ದಿನಾ ತೆಗೆದುಕೊಂಡರೆ ಕೆಲವೇ ವಾರಗಳಲ್ಲಿ ಮಿದುಳು ಅದಕ್ಕೆ ಹೊಂದಿಕೊಳ್ಳಬಹುದು. ಒಮ್ಮೆಲೇ ತೆಗೆದರೆ ಇಳಿಜಾರಿನಲ್ಲಿ ಬ್ರೇಕ್ ಬಿಟ್ಟ ಗಾಡಿಯಂತಾಗುತ್ತದೆ. ಇದು ಚಟವೂ ಅಲ್ಲ, ಮನಸ್ಸಿನ ದೌರ್ಬಲ್ಯವೂ ಅಲ್ಲ. ವೈದ್ಯರು ಹೇಳಿದಷ್ಟೇ ನುಂಗಿದವರಿಗೂ ಹೀಗಾಗುತ್ತದೆ.

ವ್ಯತ್ಯಾಸ ಎಲ್ಲಿ?

* ಶುರುವಾದ ದಿನ: ಆಲ್ಪ್ರಜೋಲಂ, ಲೊರಜೆಪಾಮ್ ದೇಹದಿಂದ ಬೇಗ ಇಳಿಯುತ್ತವೆ. ಬಿಟ್ಟ ಒಂದೆರಡು ದಿನದಲ್ಲೇ ತೊಂದರೆ ಶುರು. ಡಯಜೆಪಾಮ್, ಕ್ಲೋನಜೆಪಾಮ್ ನಿಧಾನ. ಕೆಲವು ದಿನ, ಒಮ್ಮೊಮ್ಮೆ ಒಂದು ವಾರವೇ ಕಳೆದು ಶುರುವಾಗಬಹುದು. ಹಳೇ ಗಾಬರಿ ಮರಳುವುದಾದರೆ ಸಾಮಾನ್ಯವಾಗಿ ವಾರ, ತಿಂಗಳುಗಳ ಮೇಲೆ, ಮೆಲ್ಲಗೆ ಬರುತ್ತದೆ.

* ಹೊಸ ಲಕ್ಷಣ: ಇದು ಮುಖ್ಯ ಸುಳಿವು. ಬೆಳಕು, ಸದ್ದು, ವಾಸನೆ ತಡೆಯಲಾಗದಿರುವುದು, ಕಿವಿಯಲ್ಲಿ ಗುಂಯ್‌ಗುಡುವುದು, ಸ್ನಾಯು ಸೆಳೆತ, ಚರ್ಮದ ಮೇಲೆ ಏನೋ ಹರಿದಂತಾಗುವುದು, ಬಾಯಲ್ಲಿ ಲೋಹದ ರುಚಿ, ಸುತ್ತಲಿನದೆಲ್ಲ ಕನಸಿನಂತೆ ಕಾಣುವುದು. ಗುಳಿಗೆ ಶುರು ಮಾಡುವ ಮೊದಲು ಇವು ಇರಲಿಲ್ಲ ಎಂದಾದರೆ ಗುಳಿಗೆ ಬಿಟ್ಟ ಪರಿಣಾಮದ ಸಾಧ್ಯತೆ ಹೆಚ್ಚು.

* ಗಾಬರಿಯ ವಿಷಯ: ಕಾಯಿಲೆ ಮರಳಿದಾಗ ಹಳೇ ಚಿಂತೆಗಳೇ ಮರಳುತ್ತವೆ. ಸಾಲ, ಮಗಳ ಮದುವೆ, ಜನರೆದುರು ಮಾತಾಡುವ ಭಯ. ಗುಳಿಗೆ ಬಿಟ್ಟದ್ದರಿಂದಾದ ಗಾಬರಿಗೆ ಹಲವು ಸಲ ಕಾರಣವೇ ಇರುವುದಿಲ್ಲ, ಮೊದಲು ದೇಹ ನಡುಗುತ್ತದೆ, ಆಮೇಲೆ ಮನಸ್ಸು.

* ಮುಂದಿನ ದಾರಿ: ಗುಳಿಗೆ ಬಿಟ್ಟ ತೊಂದರೆ ಏರಿ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ನಡುನಡುವೆ ಒಳ್ಳೆಯ ದಿನಗಳೂ ಬರುತ್ತವೆ. ಕೆಲವರಿಗೆ ತಿಂಗಳುಗಟ್ಟಲೆ ಎಳೆಯುವುದೂ ಉಂಟು. ಕಾಯಿಲೆ ಮರಳಿದ್ದರೆ ಚಿಕಿತ್ಸೆ ಇಲ್ಲದೆ ಹಾಗೇ ಉಳಿಯುತ್ತದೆ ಅಥವಾ ಹೆಚ್ಚುತ್ತದೆ.

ಇನ್ನೊಂದು ಸ್ಥಿತಿಯೂ ಇದೆ. ಹಳೇ ಲಕ್ಷಣವೇ ಕೆಲವು ದಿನ ಮೊದಲಿಗಿಂತ ಜೋರಾಗಿ ಬಂದು ಇಳಿಯುವುದು. ನಿದ್ದೆ ಗುಳಿಗೆ ಬಿಟ್ಟವರಿಗೆ ಇದು ಹೆಚ್ಚು. ಮೂರೂ ಒಟ್ಟಿಗೆ ಇರಲೂಬಹುದು, ಹಾಗಾಗಿ ಕೊನೆಯ ತೀರ್ಮಾನ ವೈದ್ಯರದ್ದು.

'ಒಂದು ಗುಳಿಗೆ ನುಂಗಿ ನೋಡೋಣ' ಸರಿಯಾದ ಪರೀಕ್ಷೆಯಲ್ಲ

ನುಂಗಿದ ಗಂಟೆಯೊಳಗೆ ಆರಾಮಾದರೆ 'ಕಾಯಿಲೆ ಇತ್ತು' ಎಂದು ಅರ್ಥವಲ್ಲ. ಈ ಗುಳಿಗೆ ಎರಡನ್ನೂ ಶಮನ ಮಾಡುತ್ತದೆ. ಅದರ ಬದಲು ಅಂಗಡಿ ಲೆಕ್ಕದ ಹಾಗೆ ಒಂದು ಪುಸ್ತಕ ಇಡಿ. ಗುಳಿಗೆಯ ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ತಿಂಗಳಿಂದ, ಯಾವತ್ತು ಬಿಟ್ಟಿರಿ, ಯಾವತ್ತು ಏನಾಯ್ತು. ಈ ಒಂದು ಹಾಳೆ ವೈದ್ಯರಿಗೆ ಅರ್ಧ ಉತ್ತರ ಕೊಡುತ್ತದೆ.

ಬೇರೆ ಕಾರಣಗಳನ್ನೂ ಮರೆಯಬೇಡಿ. ಥೈರಾಯ್ಡ್ ಹೆಚ್ಚಾದರೂ, ಸಕ್ಕರೆ ಇಳಿದರೂ, ರಕ್ತ ಕಡಿಮೆಯಿದ್ದರೂ ಎದೆ ಹೊಡೆದುಕೊಳ್ಳುತ್ತದೆ. ನಮ್ಮ ಭಾಗದ ಕವಳವೂ ಲೆಕ್ಕಕ್ಕೆ ಬರುತ್ತದೆ, ಅಡಿಕೆಯಿಂದ ಬೆವರು, ಎದೆಬಡಿತ ಏರುತ್ತದೆ. ಜ್ವರ ಇದ್ದರಂತೂ ಗುಳಿಗೆಯ ತಲೆಗೆ ಕಟ್ಟಿ ಸುಮ್ಮನಾಗಬೇಡಿ. ಮಂಗನ ಕಾಯಿಲೆ ಕಂಡ ಸಿದ್ದಾಪುರ ಭಾಗದಲ್ಲಿ ಜ್ವರಕ್ಕೆ ರಕ್ತಪರೀಕ್ಷೆ ಬೇಕಾಗಬಹುದು.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ?

ಫಿಟ್ಸ್ ಬಂದರೆ, ಇಲ್ಲದ್ದು ಕಂಡರೆ ಕೇಳಿಸಿದರೆ, ಮಾತು ತೊದಲಿ ಗೊಂದಲವಾದರೆ, ಎದೆನೋವು ಬಂದರೆ, ಸಾಯುವ ಯೋಚನೆ ಬಂದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ. ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಗೋ, ಸಿದ್ದಾಪುರ, ಯಲ್ಲಾಪುರದ ತಾಲೂಕು ಆಸ್ಪತ್ರೆಗೋ ಹೋಗಿ. ಹೋದ ಕೂಡಲೇ 'ಇಂಥ ಗುಳಿಗೆ ಬಿಟ್ಟಿದ್ದೆ' ಎಂದು ಹೇಳಿ. ದಿನಾ ಸಾರಾಯಿ ಕುಡಿಯುವವರಾದರೆ ಅದನ್ನೂ ಮುಚ್ಚಿಡಬೇಡಿ. ಗುಳಿಗೆ ಮತ್ತು ಸಾರಾಯಿ ಒಟ್ಟಿಗೆ ಸೇರಿದರೆ ಉಸಿರೇ ನಿಲ್ಲಬಹುದು. ಎರಡನ್ನೂ ಒಟ್ಟಿಗೆ ಬಿಟ್ಟರೆ ಫಿಟ್ಸ್ ಭಯ ಇನ್ನೂ ಹೆಚ್ಚು.

ಬಿಡುವ ಕ್ರಮ

ನಿಧಾನವೇ ದಾರಿ. 2025ರಲ್ಲಿ ಅಮೆರಿಕದ ವೈದ್ಯ ಸಂಘಗಳು ಸೇರಿ ಕೊಟ್ಟ ಸಲಹೆ ಹೀಗಿದೆ: ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ 5ರಿಂದ 10ರಷ್ಟು ಇಳಿಸಿ ನೋಡುವುದು, ಎರಡು ವಾರಕ್ಕೆ ಶೇ 25ಕ್ಕಿಂತ ಹೆಚ್ಚು ಇಳಿಸದಿರುವುದು. ನಿಮಗೆ ಎಷ್ಟು ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. 'ಒಂದಿನ ಬಿಟ್ಟು ಒಂದಿನ' ನುಂಗುವ ಲೆಕ್ಕ ಬೇಡ, ಅದರಿಂದ ದೇಹಕ್ಕೆ ಏರಿಳಿತ ಜಾಸ್ತಿ. ನಿಧಾನ ಕರಗುವ ಎಸ್‌ಆರ್ ಗುಳಿಗೆಯನ್ನು ಕೇಳದೆ ಮುರಿಯಬೇಡಿ.

ಮಳೆಗಾಲದಲ್ಲಿ ಅರಬೈಲ್, ದೇವಿಮನೆ ಘಟ್ಟಗಳಲ್ಲಿ ಗುಡ್ಡ ಕುಸಿದರೆ, ಹಳ್ಳಿ ಬಸ್ಸು ನಿಂತರೆ ಗುಳಿಗೆ ಖಾಲಿಯಾಗಿಯೇ ತೊಂದರೆ ಶುರುವಾಗಬಹುದು. ಸ್ಟ್ರಿಪ್ ಮುಗಿಯುವ ವಾರ ಮೊದಲೇ ವೈದ್ಯರನ್ನು ಕಾಣಿ.

ಔಷಧ ಅಂಗಡಿಯವರಿಗೆ

2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿ ಆಲ್ಪ್ರಜೋಲಂ, ಡಯಜೆಪಾಮ್, ಕ್ಲೋರ್‌ಡಯಜೆಪಾಕ್ಸೈಡ್, ನೈಟ್ರಜೆಪಾಮ್, ಜೋಲ್ಪಿಡೆಮ್ ಇವೆ. ಚೀಟಿ ಇಲ್ಲದೆ ಕೊಡುವಂತಿಲ್ಲ. ವೈದ್ಯರ ಹೆಸರು, ರೋಗಿಯ ಹೆಸರು, ಔಷಧ, ಪ್ರಮಾಣ ಬರೆದ ಪ್ರತ್ಯೇಕ ರಿಜಿಸ್ಟರ್ ಮೂರು ವರ್ಷ ಇಡಬೇಕು. ಚೀಟಿ ಇಲ್ಲದೆ ಬಂದ ಹಳೇ ಗಿರಾಕಿಗೆ ಬರೀ 'ಇಲ್ಲ' ಅನ್ನಬೇಡಿ. 'ಒಮ್ಮೆಲೇ ಬಿಟ್ಟರೆ ತೊಂದರೆ, ಇವತ್ತೇ ಡಾಕ್ಟರ ಹತ್ತಿರ ಹೋಗಿ' ಎಂಬ ಒಂದು ಮಾತು ಫಿಟ್ಸ್ ತಪ್ಪಿಸಬಹುದು. ಪಕ್ಕದ ಮನೆಯವರ ಗುಳಿಗೆ ಎರವಲು ಪಡೆಯುವ ರೂಢಿಯೂ ನಿಲ್ಲಬೇಕು.

ಎಲ್ಲಿ ಕೇಳುವುದು?

* ಟೆಲಿ ಮಾನಸ್: 14416. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು.
* ತಾಲೂಕು ಆಸ್ಪತ್ರೆ: ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಯಾವ ದಿನ ಬರುತ್ತದೆ ಎಂದು ಕೌಂಟರಿನಲ್ಲಿ ವಿಚಾರಿಸಿ.
* ಧಾರವಾಡದ ಡಿಮ್ಹಾನ್ಸ್: ಹೆಚ್ಚಿನ ಚಿಕಿತ್ಸೆಗೆ ಯಲ್ಲಾಪುರ, ಶಿರಸಿ ಕಡೆಯವರಿಗೆ ಬೆಂಗಳೂರಿನ ನಿಮ್ಹಾನ್ಸ್‌ಗಿಂತ ಹತ್ತಿರ.

ಗಮನಿಸಿ: ಈಗ ಇಂಥ ಗುಳಿಗೆ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ಹೆದರಿ ಇವತ್ತೇ ಬಿಡಬೇಡಿ. ಈಗಾಗಲೇ ಬಿಟ್ಟು ನಡುಗುತ್ತಿರುವವರು 'ತಡೆದುಕೊಳ್ಳುತ್ತೇನೆ' ಎಂದು ಕೂರಬೇಡಿ. ಸ್ಟ್ರಿಪ್ ಕೈಯಲ್ಲಿ ಹಿಡಿದು ವೈದ್ಯರ ಬಳಿ ಹೋಗಿ.