ಕರೋಲಿನಾ–ಜಾರ್ಜಿಯಾ ಕರಾವಳಿಯ ಭತ್ತದ ಪ್ಲಾಂಟೇಶನ್‌ಗಳ ಕೈಗಾರಿಕಾ ಅವಶೇಷಗಳು

ಅಮೆರಿಕದ ಸೌತ್ ಕರೋಲಿನಾ, ಜಾರ್ಜಿಯಾ ರಾಜ್ಯಗಳ ಅಟ್ಲಾಂಟಿಕ್ ಕರಾವಳಿಯಲ್ಲಿ ಹಳೆಯ ಭತ್ತದ ಪ್ಲಾಂಟೇಶನ್‌ಗಳಿಂದ ಉಳಿದಿರುವ ಗಿರಣಿ, ಚಿಮಣಿ, ಭತ್ತ ತೂರುವ ಕಟ್ಟಡ, ಏರಿ ಮತ್ತು ತೂಬುಗಳು. ಗುಲಾಮರಾಗಿದ್ದ ಆಫ್ರಿಕನ್ನರ ದುಡಿಮೆಯ ಮೇಲೆ ನಿಂತಿದ್ದ ಈ ಬೇಸಾಯ 17ನೆಯ ಶತಮಾನದ ಕೊನೆಯಲ್ಲಿ ಆರಂಭವಾಗಿ 20ನೆಯ ಶತಮಾನದ ಆದಿಯಲ್ಲಿ ಕೊನೆಗೊಂಡಿತು.

ಏರಿ ಮತ್ತು ತೂಬು: 18ನೆಯ ಶತಮಾನದ ನಡುವಿನಿಂದ ಬೇಸಾಯ ಒಳನಾಡಿನ ಜೌಗಿನಿಂದ ನದೀಮುಖಗಳತ್ತ ಸರಿಯಿತು. ಕಡಲಿನ ಉಬ್ಬರಕ್ಕೆ ನದಿಯ ಸಿಹಿನೀರು ಏರಿದಾಗ ಮರದ ತೂಬು ತೆರೆದು ಗದ್ದೆಗೆ ಹಾಯಿಸುತ್ತಿದ್ದರು, ಇಳಿತದಲ್ಲಿ ಬಸಿಯುತ್ತಿದ್ದರು. ಕೂಪರ್ ನದಿಯ ಪೂರ್ವ ಕವಲಿನ 12.5 ಮೈಲಿ ಉದ್ದದಲ್ಲೇ 1800ರ ಹೊತ್ತಿಗೆ 55 ಮೈಲಿಗೂ ಹೆಚ್ಚು ಏರಿ ಇತ್ತೆಂಬುದು ಪುರಾತತ್ತ್ವಜ್ಞ ಲೆಲ್ಯಾಂಡ್ ಫರ್ಗ್ಯುಸನ್ ಅವರ ಅಂದಾಜು.

ಈ ಬೇಸಾಯದ ವಿದ್ಯೆ ಯಾರದೆಂಬುದು ವಿವಾದಿತ. ಹಳೆಯ ಬರಹಗಳು ಅದನ್ನು ಮಾಲೀಕರ ಲೆಕ್ಕಕ್ಕೆ ಬರೆದವು. ಸಂಶೋಧಕರಾದ ಪೀಟರ್ ವುಡ್ (1974), ಡೇನಿಯಲ್ ಲಿಟಲ್‌ಫೀಲ್ಡ್ (1981), ಜುಡಿತ್ ಕಾರ್ನಿ (2001) ಪಶ್ಚಿಮ ಆಫ್ರಿಕದ ಬೆಳೆಗಾರರ ಅನುಭವವನ್ನು ಮುಂದಿಟ್ಟರು. ಡೇವಿಡ್ ಎಲ್ಟಿಸ್, ಫಿಲಿಪ್ ಮಾರ್ಗನ್, ಡೇವಿಡ್ ರಿಚರ್ಡ್ಸನ್ ಗುಲಾಮರ ಹಡಗುಗಳ ದಾಖಲೆ ಪರಿಶೀಲಿಸಿ, ಆ ಅನುಭವಕ್ಕೆ ಕೊಟ್ಟಿರುವ ತೂಕ ಅತಿಯಾಯಿತೆಂದು 2007ರಲ್ಲಿ ವಾದಿಸಿದರು. ಏರಿ ಕಟ್ಟಿದ ಕೈಗಳು ಯಾರವೆಂಬುದರಲ್ಲಿ ಮಾತ್ರ ಭಿನ್ನಮತವಿಲ್ಲ.

ಗಿರಣಿ: ಭತ್ತವನ್ನು ಮೊದಲು ಒರಳು-ಒನಕೆಗಳಿಂದ ಕುಟ್ಟಲಾಗುತ್ತಿತ್ತು. ಇಂಗ್ಲೆಂಡಿನಿಂದ ಬಂದ ಜೊನಾಥನ್ ಲೂಕಸ್ 1787ರಲ್ಲಿ ಸ್ಯಾಂಟೀ ನದಿಯ ಬಳಿ ನೀರಿನ ಗಿರಣಿ ಸ್ಥಾಪಿಸಿದ. ಉಬ್ಬರವಿಳಿತದ ಗಿರಣಿ, ಉಗಿ ಗಿರಣಿಗಳು ಅನಂತರದವು. ಇಂದಿಗೂ ಉಳಿದಿರುವ ಚಿಮಣಿಗಳನ್ನೆಲ್ಲ ಕುಟ್ಟುವ ಗಿರಣಿಯವೆಂದು ಎಣಿಸಲಾಗದು, ಒಕ್ಕಣೆಗೂ ಉಗಿ ಬಳಕೆಯಲ್ಲಿತ್ತು. 1838–39ರಲ್ಲಿ ಜಾರ್ಜಿಯಾದ ಬಟ್ಲರ್ ದ್ವೀಪದಲ್ಲಿದ್ದ ನಟಿ ಫ್ಯಾನಿ ಕೆಂಬಲ್ ಉಗಿ, ಉಬ್ಬರವಿಳಿತ, ಕುದುರೆಗಳಿಂದ ನಡೆಯುವ ಮೂರು ಒಕ್ಕಣೆ ಗಿರಣಿಗಳನ್ನು ದಾಖಲಿಸಿದ್ದಾಳೆ. ಅಲ್ಲಿ ಈಗ ನಿಂತಿರುವ 75 ಅಡಿಯ ಇಟ್ಟಿಗೆ ಚಿಮಣಿಯನ್ನು 1850ರ ದಶಕದ ಉಗಿ ಗಿರಣಿಯದೆಂದು ಗುರುತಿಸಲಾಗಿದೆ; ಅದನ್ನು ಕೆಂಬಲ್ ಕಂಡ ಗಿರಣಿಗೆ ನೇರವಾಗಿ ಜೋಡಿಸಲಾಗದು.

ಅವನತಿ ಮತ್ತು ಸಂರಕ್ಷಣೆ: ಅಂತರ್ಯುದ್ಧ, ಗುಲಾಮಗಿರಿಯ ರದ್ದತಿ, ಲೂಸಿಯಾನಾದ ಯಂತ್ರ ಬೇಸಾಯದ ಪೈಪೋಟಿ ಹಾಗೂ 1911ರ ಚಂಡಮಾರುತ ಬೇಸಾಯವನ್ನು ಮುಗಿಸಿದವು. ಚಾರ್ಲ್ಸ್‌ಟನ್‌ನಲ್ಲಿ 1844ರ ಬೆನೆಟ್ ಗಿರಣಿಯ ಒಂದು ಮುಂಗೋಡೆ ಮಾತ್ರ 1960ರ ಚಂಡಮಾರುತದ ಬಳಿಕ ಉಳಿಯಿತು. 1861ರ ವೆಸ್ಟ್ ಪಾಯಿಂಟ್ ಗಿರಣಿಯ ಕಟ್ಟಡ ಇದೆ. ಜಾರ್ಜ್‌ಟೌನ್ ಕೌಂಟಿಯ ಫೇರ್‌ಫೀಲ್ಡ್, ವೀಹಾ ಚಿಮಣಿಗಳು 1988ರಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿ ಸೇರಿದವು.

ಇಟ್ಟಿಗೆಗೆ ದೊರೆತ ಈ ರಕ್ಷಣೆ ಮಣ್ಣು-ಮರದ ಕಾಮಗಾರಿಗೆ ಅಷ್ಟಾಗಿ ದೊರೆತಿಲ್ಲ. ಆದರೂ ಹಲವು ಹಳೆಯ ಗದ್ದೆಗಳಲ್ಲಿ ಕಾಡುಬಾತುಗಳಿಗಾಗಿ ನೀರು ನಿಲ್ಲಿಸಲು ಹಳೆಯ ಮಾದರಿಯ ತೂಬುಗಳನ್ನು ಇಂದಿಗೂ ಹೊಸ ಮರದಿಂದ ಕಟ್ಟಿ ಕೂರಿಸಲಾಗುತ್ತಿದೆ.